ಗುಟ್ಟಾಗಿ ಹೋಗಬೇಡಿ: ಇಲವಾಲದ ಯುವಜನರಿಗೆ ಒಂದು ಬಹಿರಂಗ ಪತ್ರ

ಇಲವಾಲದ ಹುಡುಗರೇ, ಹುಡುಗಿಯರೇ,

ಮದುವೆಗೆ ಮುಂಚೆ ತಲೆಗೆ ಕೂದಲು ನಾಟಿ ಮಾಡಿಸಬಹುದೆ? ಮೂಗಿನ ಡೊಂಕು ಸರಿಪಡಿಸಲು ಎಷ್ಟು ಖರ್ಚಾಗುತ್ತದೆ? ಎರಡು ಹೆರಿಗೆಯಾದ ಮೇಲೆ ಹೊಟ್ಟೆ ಜೋತುಬಿದ್ದಿದೆ, ಕೊಬ್ಬು ತೆಗೆಸಿದರೆ ಹೋಗುತ್ತದೆಯೆ? ಎದೆ ಹೆಂಗಸರ ಹಾಗೆ ಉಬ್ಬಿರುವ ಹುಡುಗರಿಗೆ ಆಪರೇಷನ್ ಇದೆಯಂತೆ, ಹೌದೆ? ಈಚಿನ ವರ್ಷಗಳಲ್ಲಿ ನಿಮ್ಮಲ್ಲಿ ಅನೇಕರು ನನ್ನನ್ನು ಕೇಳಿರುವ ಪ್ರಶ್ನೆಗಳು ಇವು. ಮೈಸೂರಿನ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಸಿಸ್ಟರ್ ಆಗಿದ್ದು ನಿವೃತ್ತಳಾದವಳು ನಾನು. ಅದಕ್ಕೇ ನನ್ನ ಬಳಿ ಬರುತ್ತೀರಿ. ಕೇಳಿದ್ದು ಏನೇ ಇರಲಿ, ಏಳುವಾಗ ಎಲ್ಲರೂ ಒಂದೇ ಮಾತು ಸೇರಿಸುತ್ತೀರಿ: ‘ಸಿಸ್ಟರ್, ಮನೇಲಿ ಗೊತ್ತಾಗೋದು ಬೇಡ.’ ಆಪರೇಷನ್ನಿಗಿಂತ ಈ ಮಾತೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ಆದ್ದರಿಂದ ಒಬ್ಬೊಬ್ಬರ ಕಿವಿಯಲ್ಲಿ ಹೇಳಿದ್ದನ್ನು ಇಲ್ಲಿ ಎಲ್ಲರಿಗೂ ಕೇಳುವಂತೆ ಬರೆಯುತ್ತಿದ್ದೇನೆ.

ಮಾಡಿಸಲೇಬೇಡಿ ಎಂದು ಬುದ್ಧಿ ಹೇಳಲು ನಾನು ಕೂತಿಲ್ಲ. ಸೀಮೆಎಣ್ಣೆ ಸ್ಟೌ ಸಿಡಿದು ಗದ್ದ ಎದೆಗೆ ಅಂಟಿಹೋದ ಹೆಣ್ಣುಮಕ್ಕಳು ಪ್ಲಾಸ್ಟಿಕ್ ಸರ್ಜನ್ನರ ಕೈಯಲ್ಲಿ ಮತ್ತೆ ತಲೆ ಎತ್ತಿ ನೋಡಿದ್ದನ್ನು ಕಂಡಿದ್ದೇನೆ. ಸೀಳುತುಟಿಯ ಕೂಸಿನ ತುಟಿ ಕೂಡಿಸಿದಾಗ ಅದರ ತಾಯಿ ನಮ್ಮೆಲ್ಲರ ಕೈ ಹಿಡಿದು ಅತ್ತದ್ದನ್ನೂ ಕಂಡಿದ್ದೇನೆ. ಆ ವಿದ್ಯೆಯ ಮೇಲೆ ನನಗೆ ಅಪಾರ ಗೌರವವಿದೆ. ಇನ್ನು, ಕಾಯಿಲೆ ಇಲ್ಲದಿದ್ದರೂ ಕನ್ನಡಿಯಲ್ಲಿ ಕಾಣುವ ಒಂದು ಸಂಗತಿ ವರ್ಷಗಟ್ಟಲೆ ಚುಚ್ಚುತ್ತಿದ್ದರೆ, ಅದನ್ನು ಬದಲಿಸಿಕೊಳ್ಳುವ ಆಸೆ ಪಾಪವಲ್ಲ. ನಿಮ್ಮ ದೇಹ, ನಿಮ್ಮ ದುಡಿಮೆ, ನಿಮ್ಮ ತೀರ್ಮಾನ. ಆ ತೀರ್ಮಾನ ಯಾವ ಮಾಹಿತಿಯ ಮೇಲೆ ನಿಂತಿದೆ ಅನ್ನುವುದಷ್ಟೇ ನನ್ನ ಪ್ರಶ್ನೆ.

ನಮ್ಮೂರಿನಲ್ಲಿ ಸೈಟು ಕೊಳ್ಳುವವರನ್ನು ನೋಡಿ. ಹುಣಸೂರು ರಸ್ತೆಯ ಆಚೀಚೆ ಲೇಔಟುಗಳ ಫಲಕಗಳು ಸಾಲುಸಾಲಾಗಿ ನಿಂತಿವೆ. ಫಲಕ ನೋಡಿ ದುಡ್ಡು ಕೊಟ್ಟವರು ಯಾರಾದರೂ ಇದ್ದಾರೆಯೆ? ಪಹಣಿ ತೆಗೆಸುತ್ತೀರಿ, ಇಸಿ ತೆಗೆಸುತ್ತೀರಿ, ಖಾತೆ ಯಾರ ಹೆಸರಲ್ಲಿದೆ, ಅಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಇದೆಯೆ ಎಂದು ನೋಡುತ್ತೀರಿ, ವಕೀಲರಿಗೆ ತೋರಿಸುತ್ತೀರಿ, ಪಕ್ಕದ ಸೈಟಿನವರನ್ನು ಮಾತಾಡಿಸುತ್ತೀರಿ. ಮನೆ ಮಂದಿಯೆಲ್ಲ ಕೂತು ಚರ್ಚಿಸುತ್ತಾರೆ. ಅದೇ ಮನೆಯ ಮಗ ತನ್ನ ನೆತ್ತಿಯ ಮೇಲೆ ಸಾವಿರಾರು ಗಾಯ ಮಾಡಿಸಿಕೊಳ್ಳುವ ನಿರ್ಧಾರವನ್ನು ರಾತ್ರಿ ಹನ್ನೊಂದು ಗಂಟೆಗೆ ಒಬ್ಬನೇ ಮೊಬೈಲ್ ನೋಡಿ ಮಾಡುತ್ತಾನೆ. ಸೈಟಿನ ವಿಷಯ ಬಾಯಿಬಿಟ್ಟು ಕೇಳಬಹುದು, ಇದನ್ನು ಕೇಳಲು ನಾಚಿಕೆ. ಗುಟ್ಟಾಗಿ ಇಡಬೇಕಾದ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಗುವುದು ಬಹಳ ಕಷ್ಟ, ಏಕೆಂದರೆ ಉತ್ತರ ಬಲ್ಲವರನ್ನು ನೀವು ಕೇಳುವುದೇ ಇಲ್ಲ. ಜಾಹೀರಾತು ಮಾತ್ರ ತಾನಾಗಿ ನಿಮ್ಮ ಬಳಿಗೆ ಬರುತ್ತದೆ.

ಚೇತನಾ ರಾಜ್ ಹೆಸರು ನಿಮಗೆ ನೆನಪಿರಬೇಕು. ‘ಗೀತಾ’, ‘ದೊರೆಸಾನಿ’ ಧಾರಾವಾಹಿಗಳಲ್ಲಿ ಬರುತ್ತಿದ್ದ ನಟಿ. ವಯಸ್ಸು 21. ಕೊಬ್ಬು ತೆಗೆಸಿಕೊಳ್ಳಲು ಬೆಂಗಳೂರಿನ ಒಂದು ಕಾಸ್ಮೆಟಿಕ್ ಕ್ಲಿನಿಕ್‌ಗೆ ಹೋದವರು 2022ರ ಮೇ 16ರಂದು ತೀರಿಕೊಂಡರು. ಸಂಜೆ ಹೊತ್ತಿಗೆ ಸ್ಥಿತಿ ಕೆಟ್ಟಾಗ ಅವರನ್ನು ಇನ್ನೊಂದು ಆಸ್ಪತ್ರೆಗೆ ಸಾಗಿಸಬೇಕಾಯಿತು. ಅಲ್ಲಿಯ ವೈದ್ಯರಿಗೆ ಉಳಿಸಿಕೊಳ್ಳಲಾಗಲಿಲ್ಲ. ಅಪ್ಪ ಅಮ್ಮನಿಗೆ ಮುಂಚೆ ತಿಳಿಸಿರಲಿಲ್ಲ, ಸ್ನೇಹಿತರ ಜೊತೆ ಹೋಗಿದ್ದರು ಎಂದು ಆಗ ಪತ್ರಿಕೆಗಳು ಬರೆದವು. ಆ ಕ್ಲಿನಿಕ್‌ಗೆ ಇಂಥ ಶಸ್ತ್ರಚಿಕಿತ್ಸೆ ನಡೆಸಲು ಅನುಮತಿ ಇತ್ತೆ ಎಂದು ಆರೋಗ್ಯ ಇಲಾಖೆ ವಿಚಾರಿಸಿ ನೋಟಿಸ್ ಕೊಟ್ಟದ್ದು ಸಾವಾದ ಮೇಲೆ. ಆ ಮಗುವಿನ ತಪ್ಪು ಹುಡುಕಲು ಈ ಮಾತು ಎತ್ತಿಲ್ಲ. 21 ವರ್ಷದವರು ತಮ್ಮ ಚಿಕಿತ್ಸೆಗೆ ತಾವೇ ಒಪ್ಪಿಗೆ ಕೊಡಬಹುದು, ಕಾನೂನು ಅಪ್ಪ ಅಮ್ಮನ ಸಹಿ ಕೇಳುವುದಿಲ್ಲ. ಸಾವಾದ ಮೇಲೆ ಇಡೀ ನಾಡು ಕೇಳಿದ ಪ್ರಶ್ನೆಗಳನ್ನು ಆಪರೇಷನ್ನಿಗೆ ಮುಂಚೆ ಅವರ ಪರವಾಗಿ ಕೇಳುವವರು ಒಬ್ಬರಾದರೂ ಜೊತೆಗಿರಬೇಕಿತ್ತು ಎಂಬ ಸಂಕಟ ಮಾತ್ರ ನನಗೆ ಇವತ್ತಿಗೂ ಹೋಗಿಲ್ಲ.

ಓದಿದವರಿಗೆ ಹೀಗಾಗುವುದಿಲ್ಲ ಅಂದುಕೊಳ್ಳಬೇಡಿ. 2016ರಲ್ಲಿ ಚೆನ್ನೈನಲ್ಲಿ ಕೂದಲು ನಾಟಿ ಮಾಡಿಸಿಕೊಂಡು ಸತ್ತ ಹುಡುಗ ಮದ್ರಾಸ್ ಮೆಡಿಕಲ್ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿ. ಆ ಜಾಗಕ್ಕೆ ಇದ್ದದ್ದು ಸಲೂನಿನ ಲೈಸೆನ್ಸ್ ಎಂಬುದು ಆಮೇಲೆ ಹೊರಬಂತು. ಇನ್ನೇನು ಡಾಕ್ಟರಾಗಬೇಕಿದ್ದ ಹುಡುಗನೂ ಗೋಡೆಯ ಮೇಲಿನ ಲೈಸೆನ್ಸ್ ಯಾವುದಕ್ಕೆ ಎಂದು ನೋಡಿರಲಿಕ್ಕಿಲ್ಲ.

ಈಗ ನಿಮ್ಮ ಮೊಬೈಲಿಗೆ ಬರೋಣ. ಅಲ್ಲಿ ಕಂಡದ್ದೆಲ್ಲ ಸುಳ್ಳಲ್ಲ. ಆದರೆ ಯಾವುದೇ ವಿಡಿಯೊ ನೋಡಿದಾಗ ಒಂದು ಪ್ರಶ್ನೆ ಹಾಕಿಕೊಳ್ಳಿ: ನಾನು ‘ಹೂಂ’ ಅಂದರೆ ಇವರಿಗೆ ಏನು ಸಿಗುತ್ತದೆ? ನಮ್ಮ ದೇಶದ ವೈದ್ಯರ ನಡತೆಯ ನಿಯಮಗಳು 2002ರವು. ಅವುಗಳ ಪ್ರಕಾರ ವೈದ್ಯರು ರೋಗಿಗಳನ್ನು ಸೆಳೆಯಲು ಜಾಹೀರಾತು ಕೊಡುವಂತಿಲ್ಲ, ರೋಗಿಯನ್ನು ಕಳಿಸಿದವರಿಗೆ ಕಮಿಷನ್ ಕೊಡುವಂತಿಲ್ಲ, ತೆಗೆದುಕೊಳ್ಳುವಂತಿಲ್ಲ. ಹಾಗಿದ್ದೂ ನಿಮ್ಮ ಕಣ್ಣಿಗೆ ದಿನವೂ ‘ಆಫರ್’ ಬೀಳುತ್ತದೆ ಎಂದರೆ, ಆ ಮಾತು ವೈದ್ಯರ ಕೋಣೆಯಿಂದ ಬರುತ್ತಿಲ್ಲ, ಮಾರಾಟದ ಕೋಣೆಯಿಂದ ಬರುತ್ತಿದೆ. ಫೋನಿನಲ್ಲಿ ಪ್ರೀತಿಯಿಂದ ಮಾತಾಡುವ ‘ಕೌನ್ಸೆಲರ್’ ಬಹಳ ಕಡೆ ವೈದ್ಯರೂ ಅಲ್ಲ, ನರ್ಸೂ ಅಲ್ಲ. ‘ಇವತ್ತೇ ಅಡ್ವಾನ್ಸ್ ಕಟ್ಟಿದ್ರೆ ಇಪ್ಪತ್ತು ಸಾವಿರ ಕಡಿಮೆ’ ಅನ್ನುವವರು ನಿಮಗೆ ಯೋಚಿಸಲು ಸಮಯ ಸಿಗದಂತೆ ನೋಡಿಕೊಳ್ಳುತ್ತಿದ್ದಾರೆ. ನಿಮ್ಮ ಮೂಗು ನಾಳೆಗೂ ಅಲ್ಲೇ ಇರುತ್ತದೆ. ತುರ್ತು ಇಲ್ಲದ ಆಪರೇಷನ್ನಿಗೆ ತುರ್ತು ಮಾಡುವವರ ಕಡೆಯಿಂದ ಎದ್ದು ಬನ್ನಿ.

ರೀಲ್ಸ್‌ನಲ್ಲಿ ‘ನಾನೂ ಮಾಡಿಸಿಕೊಂಡೆ’ ಎಂದು ನಗುವವರಲ್ಲಿ ಕೆಲವರಿಗೆ ಅದು ಪುಕ್ಕಟೆಯಾಗಿ ಆಗಿರುತ್ತದೆ, ಕೆಲವರಿಗೆ ಮೇಲೆ ಹಣವೂ ಬಂದಿರುತ್ತದೆ. ಹೀಗೆ ಹಣ ಅಥವಾ ಉಡುಗೊರೆ ಪಡೆದು ಹೊಗಳುವವರು ಅದನ್ನು ಸ್ಪಷ್ಟವಾಗಿ ಹೇಳಲೇಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿ ಮಾರ್ಗಸೂಚಿ ಹೊರಡಿಸಿದೆ; ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಇನ್ನು ‘ಮುಂಚೆ–ಆಮೇಲೆ’ ಫೋಟೊಗಳು. ಮುಂಚಿನದರಲ್ಲಿ ಮಂಕು ಬೆಳಕು, ಮುಖದಲ್ಲಿ ನಗು ಇಲ್ಲ, ತಲೆ ತಗ್ಗಿದೆ. ಆಮೇಲಿನದರಲ್ಲಿ ಬೆಳಕು ಬೇರೆ, ಕೋನ ಬೇರೆ, ಮೇಕಪ್ಪೂ ಇರಬಹುದು. ಆಪರೇಷನ್ನಾಗಿ ಎಷ್ಟು ತಿಂಗಳಿಗೆ ತೆಗೆದದ್ದು ಎಂದು ಕೇಳಿ. ಅದೇ ವೈದ್ಯರು ಮಾಡಿದ, ಒಂದು ವರ್ಷ ಕಳೆದವರ ಫೋಟೊ ತೋರಿಸಿ ಎನ್ನಿ. ಚೆನ್ನಾಗಿ ಬಾರದಿದ್ದ ಒಂದನ್ನೂ ತೋರಿಸಿ ಎಂದು ಕೇಳಿ. ಹಾಗೆ ಕೇಳಿದಾಗ ಸಿಟ್ಟಾಗದೆ ‘ಇಂಥದ್ದೂ ಆಗಿದೆ, ಹೀಗೆ ಸರಿಪಡಿಸಿದೆವು’ ಎಂದು ವಿವರಿಸುವ ಸರ್ಜನ್ನರನ್ನು ನಾನು ಬಲ್ಲೆ. ನನ್ನ ಮನೆಯವರಿಗೆ ಬೇಕಾದರೆ ನಾನು ಅಂಥವರ ಹತ್ತಿರವೇ ಕರೆದುಕೊಂಡು ಹೋಗುತ್ತೇನೆ.

ಮೂಗಿನ ವಿಷಯ ಬಂದಾಗ ನನಗೆ ಯಾವಾಗಲೂ ನಮ್ಮ ಶ್ರೀರಂಗಪಟ್ಟಣದ ಕಡೆಯ ಒಂದು ಹಳೆಯ ಕಥೆ ನೆನಪಾಗುತ್ತದೆ. ಥಿಯೇಟರಿಗೆ ಹೊಸದಾಗಿ ಬಂದ ಹುಡುಗಿಯರಿಗೆ ಹೇಳುತ್ತಿದ್ದೆ, ನಿಮಗೂ ಹೇಳುತ್ತೇನೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜೀ ಎಂಬಾತ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ವರ್ಷದ ಮೇಲೆ ಪುಣೆಯ ಹತ್ತಿರ, ಇಟ್ಟಿಗೆ ಮಾಡುವ ಜಾತಿಯ ಒಬ್ಬ ಕಸುಬುದಾರ ಅವನಿಗೆ ಹೊಸ ಮೂಗು ಮಾಡಿಕೊಟ್ಟ. ಮೇಣದ ತೆಳು ಹಾಳೆಯಲ್ಲಿ ಮೂಗಿನ ಅಳತೆ ತೆಗೆದು, ಅದನ್ನು ಬಿಡಿಸಿ ಹಣೆಯ ಮೇಲಿಟ್ಟು ಗುರುತು ಮಾಡಿ, ಆ ಚರ್ಮವನ್ನು ಎರಡು ಹುಬ್ಬಿನ ನಡುವೆ ಸ್ವಲ್ಪ ಅಂಟಿಕೊಂಡಿರುವಂತೆ ಬಿಟ್ಟು, ಕೆಳಕ್ಕೆ ತಿರುಗಿಸಿ ಕೂರಿಸಿದ. ರಕ್ತ ಓಡಾಡಲು ಉಳಿಸಿದ ಆ ಸಣ್ಣ ಸೇತುವೆಯಲ್ಲೇ ಇಡೀ ವಿದ್ಯೆ ಇದೆ. ಇಬ್ಬರು ಇಂಗ್ಲಿಷ್ ವೈದ್ಯರು ಪಕ್ಕದಲ್ಲೇ ನಿಂತು ನೋಡಿದರು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಚಿತ್ರದ ಸಮೇತ ಇದನ್ನು ಅಚ್ಚು ಹಾಕಿತು.

ಅದನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ಲಂಡನ್ನಿನ ಸರ್ಜನ್ ಏನು ಮಾಡಿದರು ಗೊತ್ತೆ? ಚಿತ್ರ ಚೆನ್ನಾಗಿದೆ ಎಂದು ಮರುದಿನವೇ ಚಾಕು ಹಿಡಿಯಲಿಲ್ಲ. ಭಾರತದಿಂದ ಮರಳಿದವರನ್ನು ಹುಡುಕಿ ಹುಡುಕಿ ವಿಚಾರಿಸಿದರು. ಹೆಣಗಳ ಮೇಲೆ ಅಭ್ಯಾಸ ಮಾಡಿದರು. ಜೀವಂತ ಮನುಷ್ಯನ ಮುಖಕ್ಕೆ ಕೈ ಹಾಕಿದ್ದು 1814ರಲ್ಲಿ, ಅಂದರೆ ಆ ಲೇಖನ ಅಚ್ಚಾಗಿ ಇಪ್ಪತ್ತು ವರ್ಷಕ್ಕೆ. ಆಮೇಲೆ 1816ರಲ್ಲಿ ತಾವು ಮಾಡಿದ್ದನ್ನು ಎಲ್ಲರೂ ಪರೀಕ್ಷಿಸುವಂತೆ ಪುಸ್ತಕವಾಗಿ ಬರೆದರು. ಒಂದು ಚಿತ್ರ ಮತ್ತು ಒಂದು ವರದಿಯನ್ನು ನಂಬಲು ಒಬ್ಬ ನುರಿತ ವೈದ್ಯ ಅಷ್ಟು ಕಾಲ ವಿಚಾರಿಸಿದ. ನೀವು ಎರಡು ತಿಂಗಳು ವಿಚಾರಿಸಿ ಎಂದರೆ ಹೆಚ್ಚು ಕೇಳಿದಂತಾಯಿತೆ?

ವಿಚಾರಿಸುವುದು ಎಂದರೆ ಮೊದಲು ಕೈಯನ್ನು ನೋಡುವುದು. ಪ್ಲಾಸ್ಟಿಕ್ ಸರ್ಜನ್ ಆಗಲು ಸಾಮಾನ್ಯವಾಗಿ ಎಂಬಿಬಿಎಸ್ ಆದ ಮೇಲೆ ಮೂರು ವರ್ಷ ಜನರಲ್ ಸರ್ಜರಿ, ಅದರ ಮೇಲೆ ಇನ್ನೂ ಮೂರು ವರ್ಷ ಪ್ಲಾಸ್ಟಿಕ್ ಸರ್ಜರಿ ಕಲಿಯಬೇಕು. ಹೆಸರಿನ ಮುಂದೆ ಎಂ.ಸಿಎಚ್. ಅಥವಾ ಅದಕ್ಕೆ ಸಮನಾದ ಡಿ.ಎನ್.ಬಿ. ಇರುತ್ತದೆ, ಮತ್ತು ಅದು ಪ್ಲಾಸ್ಟಿಕ್ ಸರ್ಜರಿಯಲ್ಲೇ ಪಡೆದದ್ದಾಗಿರಬೇಕು. ಕೂದಲು ನಾಟಿಯನ್ನು ತರಬೇತಿ ಪಡೆದ ಚರ್ಮರೋಗ ತಜ್ಞರೂ ಮಾಡುತ್ತಾರೆ. ‘ಕಾಸ್ಮೆಟಾಲಜಿ ಡಿಪ್ಲೊಮಾ’, ‘ಫೆಲೋಶಿಪ್’, ‘ಸರ್ಟಿಫೈಡ್’ ಎಂಬ ಮಾತುಗಳಿಂದ ಗೋಡೆ ತುಂಬಿದ್ದರೆ ಆ ಕೋರ್ಸು ಎಷ್ಟು ದಿನದ್ದು, ಎಲ್ಲಿಯದು ಎಂದು ಕೇಳಿ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಯೂಟ್ಯೂಬ್‌ನಂಥ ಕಡೆ ವಿಡಿಯೊ ನೋಡಿ ಕಲಿತದ್ದು ಕೂದಲು ನಾಟಿಗೆ ತರಬೇತಿ ಅನ್ನಿಸಿಕೊಳ್ಳುವುದಿಲ್ಲ ಎಂದು ಬರೆಯಬೇಕಾಗಿ ಬಂತು. ಅಂಥ ಮಾತನ್ನು ಸರ್ಕಾರದ ಕಾಗದದಲ್ಲಿ ಬರೆಯಬೇಕಾಯಿತು ಎಂದರೆ ಹೊರಗೆ ಏನು ನಡೆಯುತ್ತಿದೆ ಎಂದು ನೀವೇ ಊಹಿಸಿ. ವೈದ್ಯರ ಹೆಸರು, ನೋಂದಣಿ ಸಂಖ್ಯೆ ಎರಡನ್ನೂ ಬರೆದುಕೊಂಡು ಬನ್ನಿ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿ, ದೇಶದ ವೈದ್ಯರ ನೋಂದಣಿ ಪುಸ್ತಕದಲ್ಲಿ ಆ ಹೆಸರು ಇದೆಯೆ, ಯಾವ ಪದವಿ ದಾಖಲಾಗಿದೆ ಎಂದು ಮೊಬೈಲಿನಲ್ಲೇ ನೋಡಬಹುದು. ಐದು ನಿಮಿಷದ ಕೆಲಸ. ಮತ್ತೆ ಇದನ್ನು ತಪ್ಪದೆ ಕೇಳಿ: ನನ್ನ ಜೊತೆ ಮಾತಾಡಿದ ವೈದ್ಯರೇ ಆಪರೇಷನ್ ಮಾಡುತ್ತಾರೆಯೆ, ಇಲ್ಲ ಟೆಕ್ನಿಷಿಯನ್ ಮಾಡುತ್ತಾನೆಯೆ? ಕೂದಲು ನಾಟಿಯಲ್ಲಿ ಈ ಅದಲುಬದಲು ಹೆಚ್ಚು.

ಆಮೇಲೆ ಜಾಗ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ, ಕೆಪಿಎಂಇ ಅನ್ನುತ್ತಾರಲ್ಲ, ಪ್ರತಿ ಕ್ಲಿನಿಕ್ಕೂ ನೋಂದಣಿ ಮಾಡಿಸಿ ಆ ಪ್ರಮಾಣಪತ್ರವನ್ನೂ ದರಪಟ್ಟಿಯನ್ನೂ ಕಾಣುವ ಹಾಗೆ ತೂಗುಹಾಕಬೇಕು. ಫಲಕದ ಮೇಲೆ ನೋಂದಣಿ ಸಂಖ್ಯೆ ಇರಬೇಕು. ಅಲೋಪಥಿಯಾದರೆ ಫಲಕ ನೀಲಿ, ಆಯುರ್ವೇದವಾದರೆ ಹಸಿರು ಎಂದೂ ಸರ್ಕಾರ ಹೇಳಿದೆ. ಪತ್ರ ತೂಗುತ್ತಿದೆ ಎಂದು ಸಮಾಧಾನ ಪಡಬೇಡಿ. ಅದು ಯಾವ ಬಗೆಯ ಸಂಸ್ಥೆಗೆ ಕೊಟ್ಟದ್ದು ಎಂದು ಓದಿ. ಬರೀ ಸಲಹೆ ಕೊಡುವ ಕ್ಲಿನಿಕ್ ಎಂದಿದ್ದರೆ ಅಲ್ಲಿ ನಿಮ್ಮನ್ನು ಮಲಗಿಸಿ ಕೊಯ್ಯಲು ಅನುಮತಿ ಇಲ್ಲ. ಅನುಮಾನ ಬಂದರೆ ಮೈಸೂರಿನ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಿ. ಈ ನೋಂದಣಿಯ ಕಡತ ಇರುವುದು ಅಲ್ಲೇ.

ಥಿಯೇಟರಿನವಳಾಗಿ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಅರಿವಳಿಕೆ ಕೊಡುವವರು ಯಾರು? ಅನಸ್ತೇಶಿಯಾ ತಜ್ಞರು ಆಪರೇಷನ್ ಮುಗಿಯುವವರೆಗೆ, ಮುಗಿದು ನಿಮಗೆ ಪೂರ್ತಿ ಎಚ್ಚರವಾಗುವವರೆಗೆ ಕಟ್ಟಡದಲ್ಲೇ ಇರುತ್ತಾರೆಯೆ? ಆಮ್ಲಜನಕ, ಮಾನಿಟರ್, ಹೃದಯ ನಿಂತರೆ ಬೇಕಾದ ಯಂತ್ರ ಇದೆಯೆ? ರಾತ್ರಿ ಉಸಿರು ಸಿಕ್ಕಿಕೊಂಡರೆ ಯಾವ ಐಸಿಯುಗೆ, ಎಷ್ಟು ನಿಮಿಷದಲ್ಲಿ, ಯಾವ ಗಾಡಿಯಲ್ಲಿ ಒಯ್ಯುತ್ತೀರಿ? ಈ ಪ್ರಶ್ನೆಗೆ ‘ಅದೆಲ್ಲ ಏನೂ ಆಗಲ್ಲ ಬಿಡಿ’ ಎಂಬ ಉತ್ತರ ಬಂದರೆ ಅಲ್ಲಿ ಮಲಗಬೇಡಿ. ಲೈಪೊಸಕ್ಷನ್ ಅನ್ನು ‘ಊಟದ ವಿರಾಮದಲ್ಲಿ ಮುಗಿಯುವ ಕೆಲಸ’ ಎಂಬಂತೆ ಹೇಳುತ್ತಾರೆ. ಅದರಲ್ಲಿ ಮರಗಟ್ಟುವ ಔಷಧಿ ಬೆರೆಸಿದ ದ್ರವವನ್ನು ಚರ್ಮದಡಿ ತುಂಬಿ, ಕೊಳವೆಯಿಂದ ಕೊಬ್ಬನ್ನು ಎಳೆಯುತ್ತಾರೆ. ದ್ರವ ಹೆಚ್ಚಾದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಕೊಬ್ಬಿನ ಕಣ ಅಥವಾ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ಕೊಳವೆ ಒಳಗಿನ ಅಂಗಕ್ಕೆ ತಾಗಬಹುದು. ಇವು ಅಪರೂಪ, ಆದರೆ ಆದಾಗ ಗಳಿಗೆಗಳ ಲೆಕ್ಕ. ಐದು ಲೀಟರಿಗಿಂತ ಹೆಚ್ಚು ಎಳೆಯುವುದಾದರೆ ರಾತ್ರಿಯಿಡೀ ಆಸ್ಪತ್ರೆಯಲ್ಲಿಟ್ಟು ನೋಡಬೇಕೆಂಬುದು ಈ ವೃತ್ತಿಯಲ್ಲಿ ಎಲ್ಲರೂ ಬಲ್ಲ ಮಾತು. ಇನ್ನೊಂದನ್ನೂ ನೇರವಾಗಿ ಹೇಳಬೇಕು: ಲೈಪೊಸಕ್ಷನ್ ತೂಕ ಇಳಿಸುವ ಚಿಕಿತ್ಸೆ ಅಲ್ಲ. ಹೆರಿಗೆಯಿಂದ ಸಡಿಲಗೊಂಡ ಚರ್ಮ, ಬೇರ್ಪಟ್ಟ ಸ್ನಾಯು ಅದರಿಂದ ಬಿಗಿಯಾಗುವುದಿಲ್ಲ.

ಕೂದಲಿನ ಹುಡುಗರಿಗೆ ಎರಡು ಮಾತು. ಹೊಸ ಕೂದಲು ಯಾರೂ ಸೃಷ್ಟಿಸುವುದಿಲ್ಲ. ನಿಮ್ಮ ತಲೆಯ ಹಿಂಭಾಗದಿಂದ ಕಿತ್ತು ಮುಂದೆ ನೆಡುತ್ತಾರೆ. ಹಿಂದಿನ ದಾಸ್ತಾನು ಮುಗಿದರೆ ಮುಗಿಯಿತು. 22 ವರ್ಷಕ್ಕೇ ಎಲ್ಲ ನೆಟ್ಟುಬಿಟ್ಟರೆ, ಮುಂದೆ ಉದುರುವ ಭಾಗಕ್ಕೆ ಉಳಿಯುವುದೇನು? ನೆಟ್ಟ ಕೂದಲು ಮೊದಲ ವಾರಗಳಲ್ಲಿ ಉದುರಿ, ಮೂರು ನಾಲ್ಕು ತಿಂಗಳಿಗೆ ಚಿಗುರಲು ಶುರುವಾಗಿ, ಪೂರ್ತಿ ಕಾಣಲು ಒಂದು ವರ್ಷವೇ ಬೇಕು. ಮುಂದಿನ ತಿಂಗಳ ಮದುವೆಗೆ ಈ ತಿಂಗಳು ಮಾಡಿಸಿಕೊಳ್ಳಿ ಎಂದವರು ನಿಮಗೆ ಸುಳ್ಳು ಹೇಳಿದ್ದಾರೆ. ಇನ್ನು ಬಣ್ಣ ಬಿಳಿಯಾಗಲೆಂದು ಗ್ಲುಟಾಥಯೋನ್ ಇಂಜೆಕ್ಷನ್ ಕೇಳುವ ಹೆಣ್ಣುಮಕ್ಕಳೇ, ಬಣ್ಣ ಬದಲಿಸಲು ಆ ಇಂಜೆಕ್ಷನ್ನಿಗೆ ನಮ್ಮ ದೇಶದಲ್ಲಿ ಅನುಮೋದನೆ ಇಲ್ಲ. ನಿಮ್ಮ ಬಣ್ಣಕ್ಕೆ ಚಿಕಿತ್ಸೆಯ ಅಗತ್ಯವೂ ಇಲ್ಲ.

ಒಪ್ಪಿಗೆ ಪತ್ರದ ಬಗ್ಗೆ ಸಿಟ್ಟಿನಿಂದಲೇ ಬರೆಯುತ್ತೇನೆ. ಆಪರೇಷನ್ ದಿನ ಬೆಳಿಗ್ಗೆ, ಗೌನು ಹಾಕಿಸಿದ ಮೇಲೆ, ಇಂಗ್ಲಿಷಿನ ನಾಲ್ಕು ಹಾಳೆ ಕೊಟ್ಟು ‘ಇಲ್ಲಿ, ಇಲ್ಲಿ, ಇಲ್ಲಿ ಸೈನ್ ಮಾಡಿ’ ಅನ್ನುವುದು ಒಪ್ಪಿಗೆ ಪಡೆಯುವ ರೀತಿ ಅಲ್ಲ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಮಾಡಿದೆ: ಏನು ಮಾಡುತ್ತಾರೆ, ಬೇರೆ ದಾರಿ ಏನಿದೆ, ಅಪಾಯವೇನು, ಮಾಡಿಸದಿದ್ದರೆ ಏನಾಗುತ್ತದೆ ಎಂಬುದನ್ನು ರೋಗಿಗೆ ತಿಳಿಯುವಂತೆ ಹೇಳಿ ಪಡೆದದ್ದೇ ಒಪ್ಪಿಗೆ. ಆ ಹಾಳೆಗಳನ್ನು ಒಂದು ವಾರ ಮುಂಚೆ ಕೇಳಿ ಪಡೆಯಿರಿ. ‘ಕನ್ನಡದಲ್ಲಿ ಹೇಳಿ’ ಎಂದು ಕೇಳಲು ಸಂಕೋಚ ಬೇಡ. ಮೈಸೂರಿನಲ್ಲಿ ಕೂತು ಕನ್ನಡದಲ್ಲಿ ಅಪಾಯ ವಿವರಿಸಲು ಆಗದವರಿಗೆ ನಿಮ್ಮ ಮುಖ ಕೊಡಬೇಡಿ.

ದುಡ್ಡಿನ ವಿಚಾರ ಬೇಗ ಮುಗಿಸುತ್ತೇನೆ. ಆರೋಗ್ಯ ವಿಮೆ ಅಂದಕ್ಕಾಗಿ ಮಾಡಿಸುವ ಆಪರೇಷನ್ನಿಗೆ ಬರುವುದಿಲ್ಲ. ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್ ಆದವರಿಗೆ ವಿನಾಯಿತಿ ಇದೆ. ಬೇರೆ ಚಿಕಿತ್ಸೆಗೆ ಇಲ್ಲದ ಜಿಎಸ್‌ಟಿ ಇದಕ್ಕೆ ಶೇ 18 ಇದೆ. ಬಿಲ್ ಇಲ್ಲದೆ ಮಾಡಿಕೊಡುತ್ತೇವೆ ಅನ್ನುವವರು ತೆರಿಗೆ ತಪ್ಪಿಸುವುದರ ಜೊತೆಗೆ ನಿಮ್ಮ ಕೈಯಲ್ಲಿ ಸಾಕ್ಷಿಯೂ ಉಳಿಯದಂತೆ ಮಾಡುತ್ತಾರೆ. ಕೂರ್ಗಳ್ಳಿಯ ಫ್ಯಾಕ್ಟರಿಯಲ್ಲಿ ದುಡಿದ ಸಂಬಳದಲ್ಲಿ ಇಎಂಐ ಕಟ್ಟುವ ಮುಂಚೆ, ಎರಡನೆಯ ಆಪರೇಷನ್ ಬೇಕಾದರೆ ಅದರ ಖರ್ಚು ಯಾರದು ಎಂದು ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಎಲ್ಲ ಕೇಳಿದ ಮೇಲೆ, ನಿಮ್ಮಿಂದ ಆಪರೇಷನ್ನಿನ ಹಣ ಪಡೆಯದ ಒಬ್ಬ ವೈದ್ಯರ ಮುಂದೆ ಕೂರಿ. ನಿಮ್ಮ ಮನೆ ಡಾಕ್ಟರ್ ಆಗಬಹುದು, ಮೆಡಿಕಲ್ ಕಾಲೇಜು ಆಸ್ಪತ್ರೆಯ ಹೊರರೋಗಿ ವಿಭಾಗವಾಗಬಹುದು. ಚೀಟಿಯ ಬೆಲೆ ಕಡಿಮೆ, ಸರತಿ ಉದ್ದ. ನಿಂತುಕೊಳ್ಳಿ. ಆಪರೇಷನ್ ಆಗಿ ವರ್ಷ ಕಳೆದ ಒಬ್ಬರನ್ನಾದರೂ ಕಣ್ಣಾರೆ ಕಂಡು ಮಾತಾಡಿಸಿ. ಕನ್ನಡಿ ಮುಂದೆ ಗಂಟೆಗಟ್ಟಲೆ ಕಳೆಯುವಷ್ಟು, ಹೊರಗೆ ಹೋಗಲಾಗದಷ್ಟು ಆ ಒಂದು ಅಂಗ ಕಾಡುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಅದು, ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಂಥ ನೋವು ಎಷ್ಟೋ ಸಲ ಆಪರೇಷನ್ನಿನಿಂದ ಹೋಗುವುದಿಲ್ಲ, ಇನ್ನೊಂದು ಅಂಗಕ್ಕೆ ಜಾಗ ಬದಲಿಸುತ್ತದೆ.

ಈ ಪತ್ರ ಕೈಗೆ ಸಿಕ್ಕ ಅಪ್ಪ ಅಮ್ಮಂದಿರೇ, ಅಜ್ಜಿಯರೇ, ದಯವಿಟ್ಟು ನೀವೂ ಓದಿ. ಹೆಣ್ಣು ನೋಡಲು ಬಂದವರ ಎದುರು ಬಣ್ಣದ ಮಾತು, ಮದುವೆ ಮನೆಯಲ್ಲಿ ‘ಏನೋ, ಆಗಲೇ ಬೋಳಾಗ್ತಿದ್ದೀಯ’ ಎಂಬ ಮಾತು, ಬಾಣಂತಿಯ ಹೊಟ್ಟೆಯ ಮೇಲೆ ಓರಗಿತ್ತಿಯ ಮಾತು, ಇವೆಲ್ಲ ಆಡಿದವರಿಗೆ ಮರೆತುಹೋಗುತ್ತವೆ. ಕೇಳಿಸಿಕೊಂಡ ಮಕ್ಕಳು ಅವನ್ನು ಹೊತ್ತುಕೊಂಡು ಕ್ಲಿನಿಕ್ಕಿನ ಮೆಟ್ಟಿಲು ಹತ್ತುತ್ತಾರೆ. ನಾಳೆ ನಿಮ್ಮ ಮಗಳು ‘ಅಮ್ಮ, ಮೂಗಿಗೆ ಆಪರೇಷನ್ ಮಾಡಿಸ್ಕೋಬೇಕು ಅಂತಿದೀನಿ’ ಎಂದರೆ ಬೈದು ಬಾಯಿ ಮುಚ್ಚಿಸಬೇಡಿ. ‘ಯಾವ ಡಾಕ್ಟ್ರು? ಬಾ, ನಾನೂ ಬರ್ತೀನಿ’ ಎನ್ನಿ. ಬೇಡವೆಂದು ವಾದಿಸುವುದಿದ್ದರೆ ಜೊತೆಯಲ್ಲಿ ಹೋಗಿ ಬಂದ ಮೇಲೆ ವಾದಿಸಿ.

ಕೊನೆಯದು, ಆಗಲೇ ಗುಟ್ಟಾಗಿ ಮಾಡಿಸಿಕೊಂಡು ಬಂದವರಿಗೆ. ಆಪರೇಷನ್ ಆದ ದಿನಗಳಲ್ಲಿ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಒಂದು ಮೀನಖಂಡ ಊದಿ ನೋಯುತ್ತಿದ್ದರೆ, ಜ್ವರ ಏರಿದರೆ, ಗಾಯದ ಸುತ್ತ ಚರ್ಮ ಕಪ್ಪಾದರೆ ಬೆಳಗಾಗಲಿ ಎಂದು ಕಾಯಬೇಡಿ. ಐಸಿಯು ಇರುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ನೇರ ಹೋಗಿ, ಏನು ಮಾಡಿಸಿದಿರಿ, ಎಲ್ಲಿ, ಯಾವತ್ತು, ಏನೇನು ಮದ್ದು ಕೊಟ್ಟರು ಎಂಬುದನ್ನು ಡ್ಯೂಟಿ ಡಾಕ್ಟರಿಗೆ ಬಿಡಿಸಿ ಹೇಳಿ. ಪಕ್ಕದಲ್ಲಿ ಅತ್ತೆ ಮಾವ ನಿಂತಿದ್ದರೂ ಹೇಳಿ. ‘ಗ್ಯಾಸ್ ಆಗಿದೆ’ ಎಂದು ಮುಚ್ಚಿಟ್ಟರೆ ಅವರು ಗ್ಯಾಸಿಗೆ ಮದ್ದು ಕೊಡುತ್ತಾರೆ. ಮಾಡಿದ ಕ್ಲಿನಿಕ್ಕಿನಿಂದ ಚಿಕಿತ್ಸೆಯ ದಾಖಲೆಗಳನ್ನು ಬರೆದು ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂಬುದು ನಿಯಮ.

ಭಾನುವಾರ ಬೆಳಿಗ್ಗೆ ನಾನು ಮನೆಯಲ್ಲೇ ಇರುತ್ತೇನೆ. ಒಪ್ಪಿಗೆ ಪತ್ರ, ಬಿಲ್ಲು, ಕ್ಲಿನಿಕ್ಕಿನವರು ಕೊಟ್ಟ ಕಾಗದ, ಏನಿದ್ದರೂ ತನ್ನಿ, ಕೂತು ಒಟ್ಟಿಗೆ ಓದೋಣ. ಜೊತೆಗೆ ಮನೆಯವರೊಬ್ಬರನ್ನು ಕರೆದುಕೊಂಡು ಬನ್ನಿ.

ಇಂತಿ ನಿಮ್ಮೂರಿನವಳು,
ನಿವೃತ್ತ ಸಿಸ್ಟರ್, ಇಲವಾಲ